ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಮದ್ದು, ಜೊತೆಗೆ ಸಕ್ಕರೆ ಕಾಯಿಲೆ: ಮನೆಯಲ್ಲಿ ಲೆಕ್ಕ ಇಡುವ ಬಗೆ

ಹಾರ್ಮೋನ್ ಇಂಜೆಕ್ಷನ್ ಬರೆಯುವವರು ಒಬ್ಬ ಡಾಕ್ಟರು, ಶುಗರ್ ಮಾತ್ರೆ ಬರೆಯುವವರು ಇನ್ನೊಬ್ಬರು. ಕಾರವಾರ, ಅಂಕೋಲೆ, ಶಿರಸಿ ಕಡೆಯ ಎಷ್ಟೋ ರೋಗಿಗಳಿಗೆ ಮೊದಲನೆಯವರು ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಎರಡನೆಯವರು ಊರಲ್ಲೇ ಇರುತ್ತಾರೆ. ಎರಡೂ ಚೀಟಿ ದಿನಾ ಕಣ್ಣಿಗೆ ಬೀಳುವುದು ಮನೆಯವರಿಗೆ ಮಾತ್ರ. ಲೆಕ್ಕವನ್ನೂ ಅವರೇ ಇಡಬೇಕು.

ಪ್ರಾಸ್ಟೇಟ್ ಕ್ಯಾನ್ಸರ್ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಬಲದಿಂದ ಬೆಳೆಯುತ್ತದೆ ಎಂದು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿನ ಲ್ಯುಪ್ರೊಲೈಡ್, ಗೊಸೆರೆಲಿನ್ ಇಂಜೆಕ್ಷನ್‌ಗಳ ಕೆಲಸವೂ ಆ ಹಾರ್ಮೋನನ್ನು ಇಳಿಸುವುದೇ. ಅದು ಇಳಿದಾಗ ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ಇನ್ಸುಲಿನ್ ಮೊದಲಿನಷ್ಟು ನಾಟುವುದಿಲ್ಲ. ಈ ಇಂಜೆಕ್ಷನ್ ಪಡೆದವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚು ಎಂದು ಅಮೆರಿಕದ ಸಂಶೋಧಕಿ ನ್ಯಾನ್ಸಿ ಕೀಟಿಂಗ್ ಅವರ ಅಧ್ಯಯನ 2006ರಲ್ಲಿ ಹೇಳಿತು. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಎಚ್ಚರಿಕೆಯನ್ನು ಔಷಧದ ಲೇಬಲ್ಲಿಗೇ ಸೇರಿಸಿತು.

ಮೊದಲ ಇಂಜೆಕ್ಷನ್‌ಗೆ ಮುಂಚೆ ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಹಿಮೋಗ್ಲೋಬಿನ್, ತೂಕ, ಬಿಪಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿಸಿ. ಹಿಮೋಗ್ಲೋಬಿನ್ ಯಾಕೆಂದರೆ, ಈ ಚಿಕಿತ್ಸೆಯಲ್ಲಿ ಅದು ಇಳಿಯುವುದುಂಟು. ರಕ್ತ ಕಡಿಮೆಯಾದಾಗ ಎಚ್‌ಬಿಎ1ಸಿ ಒಂದನ್ನೇ ನಂಬಿದರೆ ತಪ್ಪು ಚಿತ್ರ ಸಿಗುತ್ತದೆ.

ಟೆಸ್ಟೋಸ್ಟೆರಾನ್ ತಯಾರಾಗುವುದನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆ, ಅದರ ಜೊತೆ ಕೊಡುವ ಪ್ರೆಡ್ನಿಸೊಲೋನ್ ಸೇರಿದಾಗ ಹೆಚ್ಚು ಜಾಗ್ರತೆ ಬೇಕು. ಅಬಿರಾಟೆರೋನ್‌ನ ಸಾಮಾನ್ಯ ಡೋಸು ದಿನಕ್ಕೆ 1000 ಮಿ.ಗ್ರಾಂ, ಅಂದರೆ 250ರ ನಾಲ್ಕು ಮಾತ್ರೆ ಒಟ್ಟಿಗೆ. ನುಂಗುವ 2 ಗಂಟೆ ಮೊದಲಿಂದ 1 ಗಂಟೆ ನಂತರದವರೆಗೆ ನೀರು ಬಿಟ್ಟು ಬೇರೇನೂ ಕೂಡದು. ಎದ್ದ ಕೂಡಲೆ ಕುಡಿಯುವ ಹಾಲಿನ ಚಹಾ ಕೂಡ ಆಹಾರವೇ. ಕೊಬ್ಬಿನ ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಮದ್ದು ಹತ್ತು ಪಟ್ಟಿನವರೆಗೆ ಏರಬಹುದು. ಬೆಳಿಗ್ಗೆ 6ಕ್ಕೆ ಮಾತ್ರೆ, 7ರ ಮೇಲೆ ತೆಳ್ಳೇವೋ ಗಂಜಿಯೋ, ಅದರ ಜೊತೆ ಪ್ರೆಡ್ನಿಸೊಲೋನ್ ಮತ್ತು ಶುಗರ್ ಮಾತ್ರೆ: ಈ ಕ್ರಮ ಹೆಚ್ಚಿನವರಿಗೆ ಹೊಂದುತ್ತದೆ. ನಿಮ್ಮ ಡಾಕ್ಟರಿಗೊಮ್ಮೆ ತೋರಿಸಿಕೊಳ್ಳಿ.

ಪ್ರೆಡ್ನಿಸೊಲೋನ್ ಸ್ಟಿರಾಯ್ಡ್. ಬೆಳಿಗ್ಗೆ ತೆಗೆದುಕೊಂಡದ್ದು ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆ ಏರಿಸುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಬೆಳಗಿನ ಶುಗರ್ ಮಾತ್ರ ನೋಡಿ ‘ಚಲೋ ಇದೆ’ ಅಂದುಕೊಳ್ಳುವುದು ಪದೇ ಪದೇ ಆಗುವ ತಪ್ಪು. ಮಧ್ಯಾಹ್ನದ ಊಟವಾಗಿ 2 ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ಕಡ್ಡಾಯವಾಗಿ ನೋಡಿ.

ಇನ್ನೊಂದು ತಪ್ಪು ಅಪಾಯದ್ದು: ಸಕ್ಕರೆ ಏರಿತೆಂದು ಪ್ರೆಡ್ನಿಸೊಲೋನನ್ನು ತಾವೇ ನಿಲ್ಲಿಸಿಬಿಡುವುದು. ಅಬಿರಾಟೆರೋನ್‌ನಿಂದ ಬಿಪಿ ಏರದಂತೆ, ಪೊಟ್ಯಾಸಿಯಂ ಕುಸಿಯದಂತೆ ತಡೆಯುವುದು ಅದೇ. ಬದಲಿಸಬೇಕಾದ್ದು ಶುಗರ್ ಮದ್ದಿನ ಅಳತೆ, ಅದನ್ನೂ ಡಾಕ್ಟರೇ ಬದಲಿಸಬೇಕು.

ಉಲ್ಟಾ ಆಗುವುದೂ ಇದೆ. ಶುಗರ್ ಮಾತ್ರೆಯ ಪಟ್ಟಿಯಲ್ಲಿ ಪಯೋಗ್ಲಿಟಜೋನ್ ಅಥವಾ ರೆಪಾಗ್ಲಿನೈಡ್ ಇದ್ದರೆ, ಅಬಿರಾಟೆರೋನ್ ಜೊತೆ ಸೇರಿ ಸಕ್ಕರೆ ತೀರಾ ಕುಸಿದದ್ದುಂಟು. ಎರಡು ಮೂರು ಮದ್ದು ಬೆರೆಸಿದ ಮಾತ್ರೆಯಾದರೆ ಪಯೋಗ್ಲಿಟಜೋನ್ ಹೆಸರು ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ, ಹಿಂಬದಿ ಓದಿ. ಶುಗರ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್ ಪುಡಿ ನೀರಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮೀಟರ್ ಸುಳ್ಳು ಹೇಳುವುದಕ್ಕೂ ಕಾರಣಗಳಿವೆ. ಜೋನಿಬೆಲ್ಲವೋ ಹಣ್ಣಿನ ರಸವೋ ಅಂಟಿದ ಬೆರಳು ಚುಚ್ಚಿದರೆ ಅಂಕಿ ಏರಿ ಬರುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ, ಒಂದು ತೆಗೆದ ಕೂಡಲೆ ಡಬ್ಬಿ ಮುಚ್ಚಿ.

ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಕ್ಯಾನ್ಸರನ್ನೂ ತಡೆಯುತ್ತದೆ ಎಂಬ ಮಾತು ಹರಿದಾಡುತ್ತಿದೆ. ಕ್ಯಾನ್ಸರ್ ಹರಡಿದ, ಆದರೆ ಸಕ್ಕರೆ ಕಾಯಿಲೆ ಇಲ್ಲದವರಿಗೆ ಅದನ್ನು ಕೊಟ್ಟು ನೋಡಿದ ಬ್ರಿಟನ್ನಿನ ಸ್ಟಾಂಪೀಡ್ ಎಂಬ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು: ಒಟ್ಟಾರೆ ಆಯುಸ್ಸು ಗಮನಾರ್ಹವಾಗಿ ಹೆಚ್ಚಲಿಲ್ಲ, ಹಾರ್ಮೋನ್ ಚಿಕಿತ್ಸೆಯಿಂದ ಏರುವ ತೂಕ, ಸಕ್ಕರೆ ಮಾತ್ರ ಹತೋಟಿಗೆ ಬಂದವು. ಶುಗರ್‌ಗೆಂದು ಬರೆದಿದ್ದರೆ ಶುಗರ್‌ಗೇ ತಗೊಳ್ಳಿ.

ತಪಾಸಣೆಗೆ ಹೊರಡುವ ದಿನ ಉಪವಾಸ ಬಿದ್ದು, ರೂಢಿಯಂತೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಬಸ್ಸು ಹತ್ತುವವರಿದ್ದಾರೆ. ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಸಕ್ಕರೆ ದಾರಿಯಲ್ಲೇ ಕುಸಿಯುತ್ತದೆ. ಈ ಕ್ಯಾನ್ಸರಿನ ಏರಿಳಿತ ನೋಡುವ ಪಿಎಸ್ಎ ರಕ್ತಪರೀಕ್ಷೆಗೂ ಎಚ್‌ಬಿಎ1ಸಿಗೂ ಖಾಲಿ ಹೊಟ್ಟೆ ಬೇಕಿಲ್ಲ. ಬೇರೆ ಯಾವುದಕ್ಕಾದರೂ ಬೇಕೇ ಎಂದು ಹಿಂದಿನ ದಿನವೇ ಫೋನು ಮಾಡಿ ಕೇಳಿ. ಬೇಕೆಂದರೆ ಆ ಬೆಳಗಿನ ಗ್ಲಿಮೆಪಿರೈಡ್, ಇನ್ಸುಲಿನ್ ಏನು ಮಾಡಬೇಕೆಂದು ಅದೇ ಫೋನಿನಲ್ಲಿ ವಿಚಾರಿಸಿ, ತಿಂಡಿ ಡಬ್ಬಿಯಲ್ಲಿ ಕಟ್ಟಿಕೊಂಡು ಹೊರಡಿ.