ಗೆಡ್ಡೆಯ ಪಕ್ಕದ ದೃಷ್ಟಿತಂತುಗಳ ನಕ್ಷೆ: ನನ್ನ ಅನುಭವ

ಮಿದುಳಿನ ಗೆಡ್ಡೆಯ ಪಕ್ಕ ಹಾದುಹೋಗುವ ದೃಷ್ಟಿತಂತುಗಳ ನಕ್ಷೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಸಿದ್ಧಪಡಿಸುವುದು ನನ್ನ ಕೆಲಸ. ಎಂಆರ್‌ಐ ಚಿತ್ರಗಳನ್ನು ತೆರೆಯುವ ಮೊದಲೇ ರೋಗಿಗೆ ಯಾವ ಯಾವ ಭಾಗ ಕಾಣುತ್ತದೆ ಎಂದು ಬಿಂದುಬಿಂದುವಾಗಿ ನೋಡುವ ದೃಷ್ಟಿಕ್ಷೇತ್ರ ಪರೀಕ್ಷೆಯ ವರದಿಯನ್ನು ಓದುವ ರೂಢಿ ನನಗೆ ಒಂದು ಪ್ರಕರಣದಿಂದ ಬಂತು.

ಆ ರೋಗಿಯ ಮಿದುಳಿನ ಬಲ ಟೆಂಪೊರಲ್ (ಕಿವಿಯ ಬಳಿಯ) ಭಾಗದ ಒಳಮಗ್ಗುಲಲ್ಲಿ ಗೆಡ್ಡೆಯಿತ್ತು, ಸುತ್ತಲೂ ಊತವಿತ್ತು. ಮಿದುಳಿನ ಒಳಗಿರುವ ಥಲಾಮಸ್‌ನ ಹಿಂಬದಿಯಿಂದ ಹೊರಡುವ ದೃಷ್ಟಿತಂತುಗಳಲ್ಲಿ ಒಂದು ಪಾಲು ನೇರವಾಗಿ ಹಿಂದಕ್ಕೆ ಸಾಗದೆ, ಮೊದಲು ಮುಂದಕ್ಕೆ ಬಾಗಿ, ದ್ರವಕೋಶದ ಟೆಂಪೊರಲ್ ಕೊಂಬಿನ ಮೇಲೆ ತಿರುವು ಪಡೆದು, ಆಮೇಲೆ ಹಿಂದಲೆಯ ದೃಷ್ಟಿ ಕಾರ್ಟೆಕ್ಸನ್ನು ಸೇರುತ್ತದೆ. ಮೇಯರ್ಸ್ ಲೂಪ್ ಎಂಬ ಈ ತಿರುವಿಗೆ ಬಲಗಡೆ ಪೆಟ್ಟಾದರೆ ಎರಡೂ ಕಣ್ಣುಗಳಲ್ಲಿ ಎಡ ಮೇಲ್ಭಾಗದ ನೋಟ ಹೋಗುತ್ತದೆ.

ಮೊದಲ ಸಲ ನೀರಿನ ಚಲನೆಯ ದಿಕ್ಕಿನಿಂದ ತಂತುಗಳ ದಾರಿಯನ್ನು ಊಹಿಸುವ ಸಾಮಾನ್ಯ ಡಿಫ್ಯೂಷನ್ ಟೆನ್ಸರ್ ವಿಧಾನದಲ್ಲಿ, ಎಫ್‌ಎ (ಆ ಚಲನೆ ಎಷ್ಟರಮಟ್ಟಿಗೆ ಒಂದೇ ದಿಕ್ಕಿನದು ಎಂಬ ಅಳತೆ) ಮಿತಿಯನ್ನು 0.2ಕ್ಕೆ ಇಟ್ಟು ತಂತುಗಳ ಗೆರೆಗಳನ್ನು ಎಳೆದೆ. ಹಿಂಬದಿಯ ಕಟ್ಟು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿತು. ಮುಂದಿನ ತಿರುವು ಮಾತ್ರ ಊತದ ಅಂಚಿನಲ್ಲಿ ಕತ್ತರಿಸಿಟ್ಟಂತೆ ನಿಂತುಹೋಗಿತ್ತು. ಗೆಡ್ಡೆ ಅದನ್ನು ನಾಶಮಾಡಿದೆ ಎಂದು ಬರೆಯುವುದರಲ್ಲಿದ್ದೆ. ಆಗ ದೃಷ್ಟಿಕ್ಷೇತ್ರದ ವರದಿ ಕೈಗೆ ಬಂತು: ಎಡ ಮೇಲ್ಭಾಗದ ನೋಟ ಪೂರ್ತಿಯಾಗಿ ಉಳಿದಿತ್ತು. ನೋಟವಿದೆ ಎಂದಮೇಲೆ ತಂತುಗಳೂ ಇರಲೇಬೇಕು.

ಊತದ ನೀರು ಎಫ್‌ಎಯನ್ನು ಆ ಮಿತಿಗಿಂತ ಕೆಳಗೆ ಇಳಿಸುವುದರಿಂದ, ತಂತುಗಳು ಕೆಲಸಮಾಡುತ್ತಿದ್ದರೂ ಸಾಫ್ಟ್‌ವೇರ್ ಅಲ್ಲಿಗೇ ನಿಲ್ಲುತ್ತದೆ. ಇದರ ಜೊತೆಗೆ ಲೂಪಿನ ಬಾಗು ಬಹಳ ಕಡಿದು, ಬೇರೆ ಕಟ್ಟುಗಳೂ ಅದಕ್ಕೆ ತಾಗಿಕೊಂಡೇ ಹಾಯುತ್ತವೆ. ಒಂದು ವೋಕ್ಸೆಲ್‌ಗೆ (ಚಿತ್ರದ ಪುಟ್ಟ ಘನಕ್ಕೆ) ಒಂದೇ ದಿಕ್ಕು ಕೊಡುವ ಟೆನ್ಸರ್ ಇಲ್ಲಿ ದಾರಿ ತಪ್ಪುತ್ತದೆ. ಪುಣ್ಯಕ್ಕೆ ನಾವು 64 ದಿಕ್ಕುಗಳಲ್ಲಿ, 3000ದ ಬಿ-ಮೌಲ್ಯದಲ್ಲಿ (ನೀರಿನ ಚಲನೆಗೆ ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬ ಅಳತೆ) ಸ್ಕ್ಯಾನ್ ಮಾಡಿದ್ದೆವು. ಅದೇ ದತ್ತಾಂಶವನ್ನು, ಒಂದು ವೋಕ್ಸೆಲ್‌ನಲ್ಲಿ ಹಲವು ದಿಕ್ಕುಗಳನ್ನು ಗುರುತಿಸಬಲ್ಲ ಸ್ಫೆರಿಕಲ್ ಡಿಕನ್ವಲ್ಯೂಷನ್‌ಗೆ ಒಳಪಡಿಸಿ, ಥಲಾಮಸ್‌ನಲ್ಲಿ ಈ ತಂತುಗಳು ಹೊರಡುವ ಲ್ಯಾಟರಲ್ ಜೆನಿಕ್ಯುಲೇಟ್‌ನಿಂದ ದೃಷ್ಟಿ ಕಾರ್ಟೆಕ್ಸ್‌ವರೆಗೆ ತಂತುಗಳನ್ನು ಮತ್ತೆ ಎಳೆದೆ. ತಿರುವು ಮೂಡಿತು, ಅದೂ ಮೊದಲ ಚಿತ್ರ ನಿಂತ ಜಾಗಕ್ಕಿಂತ ಸುಮಾರು 1 ಸೆಂ.ಮೀ. ಮುಂದಕ್ಕೆ.

ಆದರೂ ಅದನ್ನು ಹಾಗೆಯೇ ನಂಬಲು ಮನಸ್ಸಾಗಲಿಲ್ಲ, ಏಕೆಂದರೆ ಈ ವಿಧಾನ ಇಲ್ಲದ ತಂತುಗಳನ್ನೂ ತೋರಿಸಬಲ್ಲದು. ಟೆಂಪೊರಲ್ ತುದಿಯಿಂದ ಲೂಪಿಗಿರುವ ದೂರ ಶವಛೇದನದ ಅಳತೆಗಳಲ್ಲೇ ಒಬ್ಬರಿಂದೊಬ್ಬರಿಗೆ 22ರಿಂದ 37 ಮಿ.ಮೀ.ವರೆಗೆ ವ್ಯತ್ಯಾಸವಾಗುವುದರಿಂದ, ಸರಾಸರಿಯನ್ನು ಬಿಟ್ಟು ಅದೇ ರೋಗಿಯ ಆರೋಗ್ಯವಂತ ಎಡಬದಿಯ ಅಳತೆಯೊಂದಿಗೆ ಹೋಲಿಸಿದೆ. ಗೆಡ್ಡೆಯ ಒತ್ತಡಕ್ಕೆ ಸರಿದಿರುವುದನ್ನು ಗಣನೆಗೆ ತೆಗೆದುಕೊಂಡಾಗ ಎರಡೂ ಹೊಂದಿಕೊಂಡವು.

ತಲೆಬುರುಡೆ ತೆರೆದೊಡನೆ ಮಿದುಳು ಜರುಗುತ್ತದೆ, ನಕ್ಷೆ ಜರುಗುವುದಿಲ್ಲ. ಆದ್ದರಿಂದ ತಂತುಗಳ ಸುತ್ತ 5 ಮಿ.ಮೀ. ಅಂಚು ಗುರುತಿಸಿ, ಊತದೊಳಗಿನ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸಿ ಶಸ್ತ್ರಚಿಕಿತ್ಸಕರ ಮುಂದಿಟ್ಟೆ. ಅವರು ಪಕ್ಕದಿಂದ ಹೋಗುವ ಯೋಜನೆಯನ್ನು ಬಿಟ್ಟು, ಕೊಂಬಿನ ಕೆಳಗಿನಿಂದ ಗೆಡ್ಡೆಯನ್ನು ತಲುಪಿದರು. ಮೂರು ತಿಂಗಳ ನಂತರದ ವರದಿಯಲ್ಲಿ ಎಡ ಮೇಲಂಚಿನ ಎರಡು ಬಿಂದುಗಳಷ್ಟೇ ಮಸುಕಾಗಿದ್ದವು.