ಅಪ್ಪಂದಿರನ್ನು ಅಂಗನವಾಡಿಗೆ ಕರೆದದ್ದು: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಟೀಚರ್. ನಮ್ಮ ಕಡೆ ಮಕ್ಕಳು ಊಟವಿಲ್ಲದೆ ಮಲಗುವುದು ಕಡಿಮೆ. ಗಂಜಿ ಇದೆ, ಮೀನು ಇದೆ, ರೇಷನ್ ಅಕ್ಕಿ ಬರುತ್ತದೆ. ಆದರೂ ಎತ್ತರ ಅಳೆದರೆ ಕೆಲವು ಮಕ್ಕಳು ಪ್ರಾಯಕ್ಕೆ ತಕ್ಕಷ್ಟು ಬೆಳೆದಿರುವುದಿಲ್ಲ. ಮಗು ಸೊರಗಿದರೆ ಯಾರಿಗಾದರೂ ಗೊತ್ತಾಗುತ್ತದೆ, ಗಿಡ್ಡವಾಗಿದ್ದರೆ ಗೊತ್ತಾಗುವುದಿಲ್ಲ. "ಅಪ್ಪನೂ ಗಿಡ್ಡ ಅಲ್ವಾ ಟೀಚರೇ" ಅಂದು ಮನೆಯವರು ಬಿಟ್ಟುಬಿಡುತ್ತಾರೆ. ದೀರ್ಘಕಾಲದ ಅಪೌಷ್ಟಿಕತೆ ಕಾಣಿಸಿಕೊಳ್ಳುವುದೇ ಹೀಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಂದಿ ಹೀಗೆ ಪ್ರಾಯಕ್ಕೆ ತಕ್ಕ ಎತ್ತರ ಇಲ್ಲದವರು. ಎಲ್ಲದರಲ್ಲೂ ಮುಂದಿದೆ ಅನ್ನುವ ಕೇರಳದಲ್ಲೂ ಶೇ. 23.4.

ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ನಾವು ಅಮೃತಂ ಪುಡಿ ಕೊಡುತ್ತೇವೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಕುಟುಂಬಶ್ರೀ ಎಂಬ ಕೇರಳದ ಸ್ವಸಹಾಯ ಸಂಘಗಳ ಹೆಂಗಸರೇ ಮಾಡುವ ಪುಡಿ. ಅದರ ಪಾಕವಿಧಾನ ಸಿದ್ಧವಾದದ್ದು ನಮ್ಮ ಕಾಸರಗೋಡಿನ ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ. ಪುಡಿಯಲ್ಲಿ ಏನೂ ಕೊರತೆ ಇಲ್ಲ. ಆದರೆ ಅದನ್ನು ದಿನಕ್ಕೆ ಮೂರು ಸಲ ಕಾಯಿಸಿ, ಮಗುವಿನ ಹಿಂದೆ ಓಡಿ, ಸಮಾಧಾನದಿಂದ ತಿನ್ನಿಸುವವರು ಯಾರು? ನಮ್ಮಲ್ಲಿ ಹೆಚ್ಚಿನ ತಾಯಂದಿರು ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಎಲೆ, ತಂಬಾಕು ಇರುವ ಗೆರಸೆ, ಪಕ್ಕದಲ್ಲಿ ಮಗು. ಹೊತ್ತಿಗೆ ಸರಿಯಾಗಿ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆಗೆ, ಬೀಡಿ ಕೊಡದಿದ್ದರೆ ಅಂದಿನ ದುಡಿಮೆ ಹೋಯಿತು. ಅಷ್ಟರ ಮಧ್ಯೆ ಅವಳಿಗೆ ನಾನು "ಮಗುವಿಗೆ ಆಗಾಗ ತಿನ್ನಿಸು" ಅಂದರೆ ಅದು ಸಲಹೆಯಲ್ಲ, ಇನ್ನೊಂದು ಕೆಲಸ.

ನಮ್ಮಲ್ಲಿ ಹೆಣ್ಣುಮಗುವಿಗೆ ಕಡಿಮೆ ಬಡಿಸುತ್ತಾರೆ ಅಂತ ನಾನು ಹೇಳಲಾರೆ. ಎತ್ತರದ ಪಟ್ಟಿಯಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೇ ಹಿಂದೆ ಬಿದ್ದಿದ್ದಾರೆ. ಭೇದ ಇರುವುದು ತಾಯಿಯ ತಟ್ಟೆಯಲ್ಲಿ. ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳಲ್ಲಿ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬಿಕೊಳ್ಳುವುದು ಬಹಳ ಕಷ್ಟ. ಆ ದಿನಗಳಲ್ಲಿ ತಾಯಿ ಏನು ತಿನ್ನುತ್ತಾಳೆ? ಹಾಗಾಗಿ ಮನೆಭೇಟಿಯಲ್ಲಿ ನನ್ನ ಪ್ರಶ್ನೆ ಬದಲಾಯಿಸಿದೆ. "ಮಗು ಏನು ತಿಂದಿತು" ಅನ್ನುವುದರ ಜೊತೆಗೆ "ನಿನ್ನೆ ಕೊನೆಗೆ ಉಂಡವರು ಯಾರು, ಅವರಿಗೆ ಏನು ಉಳಿದಿತ್ತು" ಅಂತಲೂ ಕೇಳತೊಡಗಿದೆ. ಉತ್ತರ ಹೆಚ್ಚು ಕಡಿಮೆ ಒಂದೇ. ಬಂಗುಡೆಯ ನಡುವಿನ ತುಂಡು ಗಂಡನಿಗೆ, ಮಾವನಿಗೆ, ಮಕ್ಕಳಿಗೆ. ಅವಳಿಗೆ ಬಾಲ ಮತ್ತು ಸಾರು. ಬಸುರಿಯಾದರೂ ಹಾಗೆಯೇ. "ಜಾಸ್ತಿ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ" ಎಂಬ ನಂಬಿಕೆ ಬೇರೆ. ಕಬ್ಬಿಣದ ಮಾತ್ರೆಯನ್ನು ನುಂಗುತ್ತಾರೆ, ಆದರೆ ಬೀಡಿ ಕಟ್ಟುತ್ತಾ ಕುಡಿಯುವ ಚಹಾದೊಂದಿಗೆ. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಇದನ್ನೆಲ್ಲ ತಾಯಿಗೇ ಹೇಳಿ ಏನು ಪ್ರಯೋಜನ? ಮೀನು ತರುವವರು, ಬಡಿಸುವ ಕ್ರಮ ಇಟ್ಟವರು, ದುಡ್ಡು ಹಿಡಿದವರು ಬೇರೆ. ಆದ್ದರಿಂದ ತಿಂಗಳ ಸಭೆಯನ್ನು ಭಾನುವಾರ ಸಂಜೆಗೆ ಹಾಕಿದೆ, ಊರಿನ ಕ್ಲಬ್ಬಿನ ವರಾಂಡದಲ್ಲಿ. ಗಂಡಸರು ಅಲ್ಲಿಗಾದರೆ ಸಂಕೋಚವಿಲ್ಲದೆ ಬರುತ್ತಾರೆ. ನಮಗೆ ಬರುವ ಚಾರ್ಟ್‌ಗಳು ಮಲಯಾಳದವು, ಅದರಲ್ಲಿ ತಿನ್ನಿಸುವ ಚಿತ್ರವೆಲ್ಲ ಅಮ್ಮನದು. ನಾನು ಕನ್ನಡದಲ್ಲಿ ಬರೆದು, ಅಪ್ಪ ತಿನ್ನಿಸುವ ಚಿತ್ರ ಬಿಡಿಸಿಕೊಂಡೆ. ಮಾತು ಮಾತ್ರ ತುಳುವಿನಲ್ಲಿ.

ಸಮಾನತೆ ಅಂತ ಭಾಷಣ ಮಾಡಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ತಲಾ 24 ಅಡಿಕೆ ಕೊಟ್ಟೆ. ಒಂದು ಅಡಿಕೆ ಒಂದು ಗಂಟೆ. ನಿದ್ದೆ, ಕೂಲಿ, ಅಡುಗೆ, ನೀರು, ಬೀಡಿ, ಮಗು, ವಿಶ್ರಾಂತಿ ಅಂತ ನೆಲದಲ್ಲಿ ಸೀಮೆಸುಣ್ಣದ ಚೌಕ. ಹೆಂಗಸರ ಅಡಿಕೆ ವಿಶ್ರಾಂತಿಯ ಚೌಕಕ್ಕೆ ಬರುವ ಮೊದಲೇ ಮುಗಿಯಿತು. ಒಬ್ಬರು ನಿದ್ದೆಯಿಂದ ಒಂದು ತೆಗೆದು ಬೀಡಿಗೆ ಇಟ್ಟರು. ಅವರ ಗಂಡ ತುಂಬಾ ಹೊತ್ತು ನೋಡಿ, ತನ್ನ ವಿಶ್ರಾಂತಿಯಿಂದ ಒಂದು ಅಡಿಕೆಯನ್ನು ಮಗುವಿನ ಚೌಕಕ್ಕೆ ಸರಿಸಿದರು. "ಅಣ್ಣ, ಆ ಒಂದು ಗಂಟೆ ಯಾವುದು?" ಅಂದೆ. "ಸಂಜೆ ಗಂಜಿ ನಾನು ತಿನ್ನಿಸುತ್ತೇನೆ" ಅಂದರು. ಅದನ್ನು ಅಲ್ಲೇ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಮುಂದಿನ ತಿಂಗಳು ಆ ಬಗ್ಗೆ ಅವರನ್ನೇ ಕೇಳಿದೆ, ಹೆಂಡತಿಯನ್ನಲ್ಲ.

ಅಳತೆಗೂ ಅಪ್ಪಂದಿರು ಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುವಾಗ ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದಕ್ಕೆ ಪಟ್ಟಿ ತರಬೇಕು. ತಲೆ ಹಿಡಿಯುವ ಕೆಲಸ ಅಪ್ಪನಿಗೆ ಕೊಟ್ಟೆ. ತನ್ನ ಕೈಯಲ್ಲೇ ಅಳೆದ ಸೆಂಟಿಮೀಟರ್ ಲೆಕ್ಕ ಅವರಿಗೆ ಮರೆಯುವುದಿಲ್ಲ.

ಇದರಲ್ಲಿ ಒಂದು ಅಪಾಯ ಇದೆ, ಈ ಕೆಲಸಕ್ಕೆ ಕೈಹಾಕುವವರು ದಯವಿಟ್ಟು ಗಮನಿಸಬೇಕು. ಮಗು ಹಿಂದೆ ಬಿದ್ದಿದೆ ಎಂದು ಗಂಡನಿಗೆ, ಅತ್ತೆಗೆ ತಿಳಿದರೆ ಬೈಗುಳ ತಾಯಿಗೆ. ಅದಕ್ಕೇ ಯಾರ ಮಗುವಿನ ಅಳತೆಯನ್ನೂ ಸಭೆಯಲ್ಲಿ ಓದುವುದಿಲ್ಲ. ಗಂಡನಿಗೆ ಹೇಳುವಾಗ "ನೀವು ಏನು ಮಾಡುತ್ತೀರಿ" ಎಂಬ ಪ್ರಶ್ನೆ ಜೊತೆಗೇ ಇರುತ್ತದೆ. ಕುಡಿದು ಹೊಡೆಯುವವರು ಇರುವ ಮನೆಗೆ ಈ ದಾರಿ ಬೇಡವೇ ಬೇಡ. ಅಲ್ಲಿ ಮೊದಲು ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಮಾತಾಡುತ್ತೇನೆ. ಅವಳು ಒಪ್ಪಿದರೆ ಹೆಂಗಸರ, ಮಕ್ಕಳ ಮೇಲಿನ ದೌರ್ಜನ್ಯದ ದೂರು ನೋಡುವ ಪಂಚಾಯತಿನ ಜಾಗ್ರತಾ ಸಮಿತಿಗೆ ತಿಳಿಸುತ್ತೇನೆ.

ಅತ್ತೆಯಂದಿರು ನಾನು ಎಣಿಸಿದ್ದಕ್ಕಿಂತ ಬೇಗ ಒಪ್ಪಿದರು. ಅವರೂ ಬಾಲದ ತುಂಡು ತಿಂದು ಬಂದವರೇ. ಒಬ್ಬರು ಅಜ್ಜಿ ಬಸುರಿ ಸೊಸೆಗೆ ನುಗ್ಗೆಸೊಪ್ಪಿನ ಪಲ್ಯ, ಮೊಟ್ಟೆ ಮೊದಲೇ ತೆಗೆದಿಟ್ಟು ಉಳಿದವರಿಗೆ ಬಡಿಸತೊಡಗಿದ್ದಾರೆ.

ಬೀಡಿಯ ಸಂಗತಿ ಮಾತ್ರ ಮನೆಯೊಳಗೆ ಪರಿಹಾರವಾಗುವುದಲ್ಲ. ಮೂರು ವರ್ಷ ತುಂಬಿದವರು ಅಂಗನವಾಡಿಗೆ ಬರುತ್ತಾರೆ. ಅದಕ್ಕಿಂತ ಚಿಕ್ಕವರು ತಂಬಾಕಿನ ಧೂಳಿನಲ್ಲೇ ಕೂತಿರುತ್ತಾರೆ. ಕೇರಳದಲ್ಲಿ ಪಂಚಾಯತಿನ ಯೋಜನೆಯ ಹಣದಲ್ಲಿ ಶೇ. 10 ಮಹಿಳಾ ಘಟಕಕ್ಕೆ, ಅಂದರೆ ಹೆಂಗಸರಿಗಾಗಿ ಮಾಡುವ ಯೋಜನೆಗಳಿಗೆ, ಮೀಸಲು. ಹೊಲಿಗೆ ತರಬೇತಿಯಂಥದ್ದಕ್ಕೆ ಮಾತ್ರವಲ್ಲ, ಚಿಕ್ಕ ಮಕ್ಕಳ ಪಾಲನಾ ಕೇಂದ್ರಕ್ಕೂ ಅದರಿಂದ ಕೊಡಿ ಎಂದು ಗ್ರಾಮಸಭೆಯಲ್ಲಿ ಬರೆದು ಕೊಟ್ಟಿದ್ದೇವೆ. ಸಹಿ ಹಾಕಿದವರಲ್ಲಿ ಭಾನುವಾರದ ಸಭೆಯ ಅಪ್ಪಂದಿರೂ ಇದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳುತ್ತೇವೆ.