ಹೊಲಕ್ಕೊಂದು ಗೋಧಿ, ವಾರಕ್ಕೊಂದು ಲೆಕ್ಕ

ಮೂರನೆಯ ಸುಗ್ಗಿಯೂ ಎಣಿಸಿದಂತೆಯೇ ಬಂದಿತು. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ವರ್ಷ ಬಂದಿದ್ದರೆ ಮಳೆ ಕೈ ಹಿಡಿಯಿತು ಎಂದು ಸುಮ್ಮನಿರುತ್ತಿದ್ದೆ. ನವಲಗುಂದ ತಾಲ್ಲೂಕಿನ ನನ್ನ ಒಂಬತ್ತು ಎಕರೆಗೆ ನಾಲ್ಕು ತಳಿಯ ಬೀಜ ತಂದು ಇಳಿಸಿದ ದಿನ ಊರಿನ ಹಿರಿಯರೊಬ್ಬರು, "ತಮ್ಮಾ, ಹೀಗೆ ಹೊಲಕ್ಕೊಂದು ಗೋಧಿ ಬಿತ್ತಿ ಚೂರು ಚೂರು ರಾಶಿ ಮಾಡಿದರೆ ಪೇಟೆಯಲ್ಲಿ ಯಾರು ಕೇಳುತ್ತಾರೆ?" ಎಂದಿದ್ದರು. ಮಾತಿನಲ್ಲಿ ಹುರುಳಿತ್ತು. ಕಾಳು ಬೆರಕೆಯಾದರೆ ದಲಾಲರು ದರ ಮುರಿಯುತ್ತಾರೆ. ಆದರೆ ಒಂದೇ ಗೋಧಿಯನ್ನು ನಂಬಿ ನಾನು ಕಳೆದುಕೊಂಡದ್ದರ ಮುಂದೆ ಅದು ಸಣ್ಣ ಚಿಂತೆ.

ಕಳೆದುಕೊಂಡದ್ದನ್ನೇ ಮೊದಲು ಹೇಳುತ್ತೇನೆ. ಕಾಲುವೆ ನೀರು ಬರುವ ಮೂರು ಎಕರೆಯಲ್ಲಿ ಮೆಕ್ಕೆಜೋಳ ತೆಗೆದು ಹೊಲ ಹದ ಮಾಡುವಷ್ಟರಲ್ಲಿ ಡಿಸೆಂಬರ್ ಎರಡನೆಯ ವಾರ ಬಂದಿತ್ತು. ಮನೆಯಲ್ಲಿದ್ದದ್ದು ಡಿಡಬ್ಲ್ಯೂಆರ್-162. ಸಕಾಲಕ್ಕೆ ಬಿತ್ತಿದರೆ ಹೆಸರು ಉಳಿಸಿಕೊಳ್ಳುವ ಗೋಧಿ. ಹಿಂದೆ ನವೆಂಬರ್ ಮೊದಲ ವಾರ ಬಿತ್ತಿದಾಗ ಎಕರೆಗೆ ಹದಿನಾಲ್ಕು, ಹದಿನೈದು ಕ್ವಿಂಟಲ್ ಕೊಟ್ಟಿತ್ತು. ಅದೇ ನಂಬಿಕೆಯಲ್ಲಿ ಬಿತ್ತಿದೆ. ಕಾಳು ಹಾಲು ತುಂಬುವ ಹೊತ್ತಿಗೆ ಫೆಬ್ರವರಿ ಮುಗಿಯುತ್ತ ಬಂದು ಬಿಸಿಲು ಏರಿತು. ಹತ್ತು ದಿನದಲ್ಲಿ ಇಡೀ ಹೊಲ ಬಿಳಿಚಿಕೊಂಡಿತು. ತೆನೆ ಉಜ್ಜಿದರೆ ಅಂಗೈಯಲ್ಲಿ ಜೀರಿಗೆಯಂಥ ಕಾಳು, ಊದಿದರೆ ಹೊಟ್ಟಿನ ಜೊತೆ ಅವೂ ಹಾರುತ್ತಿದ್ದವು. ಎಕರೆಗೆ ಐದು ಕ್ವಿಂಟಲ್ ಸಿಕ್ಕಿತು. ನೀರಿಗೂ ಯೂರಿಯಾಕ್ಕೂ ಖರ್ಚು ಎಂದಿನಷ್ಟೇ. ಮೂರು ಎಕರೆಯಿಂದ ಐವತ್ತು ಸಾವಿರದ ಹತ್ತಿರ ಕೈತಪ್ಪಿತು.

ಮರುವರ್ಷ ಅದೇ ಹೆದರಿಕೆಯಲ್ಲಿ ಅವಸರ ಮಾಡಿದೆ. ಹಸ್ತ ಮಳೆ ನಿಂತ ಕೂಡಲೇ ಮಳೆಯಾಶ್ರಿತ ಎರೆ ಹೊಲಕ್ಕೆ ಯುಎಎಸ್-304 ಬಿತ್ತಿದೆ. ಅದು ನೀರಾವರಿಯ ಗೋಧಿ ಎಂದು ಗೊತ್ತಿದ್ದೂ, ಹೊಲದಲ್ಲಿ ಹಸಿ ಇದೆಯಲ್ಲ ಎಂಬ ಧೈರ್ಯ. ಮೇಲ್ಮಣ್ಣು ಆರಿತ್ತೆಂದು ಕೂರಿಗೆಯನ್ನು ಐದು ಬೆರಳು ಆಳಕ್ಕೆ ಇಳಿಸಿದೆ. ಹತ್ತನೆಯ ದಿನ ನೋಡಿದರೆ ಸಾಲುಗಳು ಖಾಲಿ. ಕಳೆ ತೆಗೆಯುವ ಕುರ್ಚಿಗೆಯಿಂದ ಮೆಲ್ಲಗೆ ಕೆದರಿದೆ. ಬೀಜ ಮೊಳೆತಿದೆ, ಆದರೆ ಎಳೆಯ ಬಿಳಿ ಎಲೆ ಹೆಂಟೆಯ ಅಡಿಯಲ್ಲಿ ಮುದುರಿ ಸುರುಳಿ ಸುತ್ತಿಕೊಂಡಿದೆ. ಮೊಳಕೆಯನ್ನು ಮೇಲಕ್ಕೆ ಒಯ್ಯುವ ಹೊದಿಕೆ ಗಿಡ್ಡ ತಳಿಗಳಲ್ಲಿ ಗಿಡ್ಡವೇ. ನಮ್ಮ ಅಪ್ಪ ಬಿತ್ತುತ್ತಿದ್ದ ಬಿಜಗಾ ಯೆಲ್ಲೋ ಎತ್ತರದ ಗೋಧಿ, ಆ ಆಳದಿಂದಲೂ ಏಳುತ್ತಿತ್ತು. ಈ ವ್ಯತ್ಯಾಸ ತಿಳಿಯಲು ನನಗೆ ನಾಲ್ಕು ಎಕರೆಯ ಬೀಜ, ಗೊಬ್ಬರ, ಬಾಡಿಗೆ ಎತ್ತು ಸೇರಿ ಹದಿನೆಂಟು ಸಾವಿರ ಬೇಕಾಯಿತು. ಬದುಕಿದ ಸಸಿಗಳೂ ಅಕ್ಟೋಬರ್ ಸೆಕೆಗೆ ಬುಡದಲ್ಲಿ ಮರಿಕಡ್ಡಿ ಒಡೆಯಲಿಲ್ಲ.

ಆಮೇಲೆ ನಾನು ಲೆಕ್ಕವನ್ನು ಹಿಂದಿನಿಂದ ಹಾಕತೊಡಗಿದೆ. ನಮ್ಮಲ್ಲಿ ಚಳಿ ಗಿಡ್ಡ. ಫೆಬ್ರವರಿ ನಡುವಿನ ಹೊತ್ತಿಗೆ ಕಾಳು ತುಂಬಿ ಮುಗಿಯುತ್ತ ಬಂದಿರಬೇಕು. ಹಾಗಾಗಬೇಕಾದರೆ ಸಂಕ್ರಾಂತಿಗೆ ತೆನೆ ಹೊರಬಂದು ಹೂ ಕಟ್ಟಿರಬೇಕು, ತೀರಾ ತಡವೆಂದರೆ ಅದಾಗಿ ಒಂದು ವಾರ. ಈಗ ಹೊಲ ಯಾವ ವಾರ ಖಾಲಿಯಾಗುತ್ತದೆ ಎಂದು ನೋಡಿ, ಅಲ್ಲಿಂದ ಸಂಕ್ರಾಂತಿಗೆ ಎಷ್ಟು ದಿನ ಉಳಿಯಿತು ಎಂದು ಎಣಿಸಿ, ಅಷ್ಟು ದಿನದಲ್ಲಿ ತೆನೆ ಬಿಡುವ ಗೋಧಿಯನ್ನು ಹುಡುಕುತ್ತೇನೆ. ಹೆಸರು ಕೇಳಿ ಬೀಜ ತರುವುದನ್ನು ಬಿಟ್ಟೆ.

ನಾಲ್ಕು ಎಕರೆ ಆಳವಾದ ಎರೆಗೆ ಯುಎಎಸ್-446. ಮಳೆಯಾಶ್ರಿತಕ್ಕೆಂದೇ ಬಂದ ಧಾರವಾಡದ ಡುರಂ, ಅಂದರೆ ರವೆಗೆ ಹೋಗುವ ಗಟ್ಟಿ ಗೋಧಿ. ಚಿತ್ತೆಯ ಕೊನೆ ಅಥವಾ ಸ್ವಾತಿಯ ಆರಂಭದಲ್ಲಿ, ಅಂದರೆ ಅಕ್ಟೋಬರ್ ಇಪ್ಪತ್ತರ ಆಸುಪಾಸು, ಮೂರು ಬೆರಳಿಗಿಂತ ಆಳ ಹೋಗದಂತೆ ಬಿತ್ತುತ್ತೇನೆ. ಬಿತ್ತುವ ಮುನ್ನ ಕಬ್ಬಿಣದ ಸರಳನ್ನು ನಾಲ್ಕಾರು ಕಡೆ ಚುಚ್ಚುತ್ತೇನೆ. ಎರಡು ಮೊಳದವರೆಗೆ ತಡೆಯಿಲ್ಲದೆ ಇಳಿದು ತುದಿಗೆ ಮಣ್ಣು ಮೆತ್ತಿಕೊಂಡು ಬಂದರೆ ಗೋಧಿ, ನಡುವೆ ನಿಂತುಬಿಟ್ಟರೆ ಕಡಲೆ. ಎಕರೆಗೆ ಆರು, ಏಳು ಕ್ವಿಂಟಲ್ ಬರುತ್ತಿದೆ. ನೀರಿಲ್ಲದ ಹೊಲಕ್ಕೆ ಇದು ಕಡಿಮೆಯಲ್ಲ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಮೊದಲ ವರ್ಷ ಮಾತ್ರ ಗೊಬ್ಬರದಲ್ಲಿ ಜಿಪುಣತನ ಮಾಡಿದ್ದರಿಂದ ಅಂಬರಿನಂತೆ ಹೊಳೆಯಬೇಕಾದ ಕಾಳಿನ ಹೊಟ್ಟೆಯಲ್ಲಿ ಬಿಳಿ ಮಚ್ಚೆ ಬಿದ್ದಿತು. ರವೆ ಮಿಲ್ಲಿನವರು ಹಿಡಿ ಕಾಳು ಕತ್ತರಿಸಿ ನೋಡಿ ಕ್ವಿಂಟಲ್‌ಗೆ ಮುನ್ನೂರು ಇಳಿಸಿದರು. ಈಗ ಸಾರಜನಕಕ್ಕೆ ಕೈ ಬಿಗಿ ಹಿಡಿಯುವುದಿಲ್ಲ.

ಕಾಲುವೆಯ ಹೊಲದಲ್ಲಿ ಒಂದೂವರೆ ಎಕರೆ ಖಪ್ಲಿ, ಅಂದರೆ ಒಕ್ಕಿದರೂ ಸಿಪ್ಪೆ ಬಿಡದ ಗೋಧಿ. ತಳಿ ಡಿಡಿಕೆ-1029. ಅಲ್ಲಿ ಸೋಯಾ ಬೇಗ ಮುಗಿಯುತ್ತದೆ, ನವೆಂಬರ್ ಮೊದಲ ವಾರಕ್ಕೆ ಹೊಲ ಸಿದ್ಧ. ಇಪ್ಪತ್ತನೆಯ ದಿನದ ನೀರನ್ನು ಮಾತ್ರ ತಪ್ಪಿಸುವುದಿಲ್ಲ. ಮೆಕ್ಕೆಜೋಳ ನಿಂತ ಒಂದು ಎಕರೆ ನವೆಂಬರ್ ಕೊನೆಗೇ ಖಾಲಿಯಾಗುವುದು. ಅದಕ್ಕೆ ರಾಜ್-4083. ತಡ ಬಿತ್ತನೆಗೆ ನಲವತ್ತು ಕಿಲೋ ಬೀಜ ಸಾಲದು, ಐವತ್ತು ಹಾಕಿ ಸಾಲನ್ನೂ ಹತ್ತಿರ ತರುತ್ತೇನೆ. ಮರಿ ಒಡೆಯಲು ಅದಕ್ಕೆ ಪುರುಸೊತ್ತಿರುವುದಿಲ್ಲ. ಹತ್ತು, ಹನ್ನೊಂದು ಕ್ವಿಂಟಲ್ ಸಿಗುತ್ತಿದೆ. ಐದು ಕ್ವಿಂಟಲ್ ಕಂಡ ನನಗೆ ಅದು ದೊಡ್ಡದು. ಈ ಬೀಜವನ್ನು ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದರೆ ಎರಡು ಮೂರು ದಿನ ಮುಂಚೆ ಮೇಲೆ ಬರುತ್ತದೆ. ನೆನೆಸುವ ನೀರಿಗೆ ನಾನು ಏನು ಬೆರೆಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ಉಳಿದ ಅರ್ಧ ಎಕರೆ ಕಾಲುವೆಯ ಬಾಲದಲ್ಲಿದೆ, ಸವಳು ಹತ್ತಿದ್ದು. ಆ ಜಾಗಕ್ಕೊಮ್ಮೆ ಡುರಂ ಬಿತ್ತಿ ಎಲೆಯ ತುದಿಗಳು ಬೆಂಕಿ ತಾಗಿದಂತೆ ಸುಟ್ಟದ್ದನ್ನು ಕಂಡಿದ್ದೇನೆ. ಚಪಾತಿಯ ಗೋಧಿ ಸವಳನ್ನು ಅದಕ್ಕಿಂತ ಮೇಲಾಗಿ ತಾಳಿಕೊಳ್ಳುತ್ತದೆ. ಯುಎಎಸ್-304 ಈಗ ಅಲ್ಲಿದೆ, ಸಕಾಲದ ಬಿತ್ತನೆ, ಮನೆಯ ಹಬ್ಬದ ಹೋಳಿಗೆಗೆ ಸಾಕಾಗಿ ಮಿಗುತ್ತದೆ.

ಇದರ ನಡುವೆ ಎರೆ ಹೊಲದಲ್ಲಿ ಎಂಟು ಸಾಲು ಗೋಧಿಗೆ ಒಂದು ಸಾಲು ಕುಸುಬೆ ಬಿತ್ತಿ ನೋಡಿದೆ, ಹಿಂದಿನವರು ಮಾಡುತ್ತಿದ್ದಂತೆ. ದನ ಒಳಗೆ ನುಗ್ಗಲಿಲ್ಲ, ಎಣ್ಣೆಗೂ ಆಯಿತು. ಆದರೆ ಕೊಯ್ಲಿನ ಯಂತ್ರದವರು ಹೊಲಕ್ಕೆ ಇಳಿಯಲು ಒಪ್ಪದೆ ಆಳಿನ ಕೂಲಿಗೆ ಆರು ಸಾವಿರ ಹೋಯಿತು. ಈಗ ಕುಸುಬೆ ಬದುವಿನ ಸುತ್ತ ಮಾತ್ರ. ಲೋಕ್-1 ಬೀಜವನ್ನೂ ನಾಲ್ಕು ಸಾಲು ಹಾಕಿದ್ದೆ. ತುಕ್ಕು ರೋಗ ಎಷ್ಟು ಬಂದಿತೆಂದರೆ ನಡುವೆ ನಡೆದು ಬಂದರೆ ಧೋತರ ಕಂದಾಗುತ್ತಿತ್ತು.

ಇನ್ನು ಹಿರಿಯರು ಕೇಳಿದ ಪೇಟೆಯ ಮಾತು. ರಾಶಿಗಳನ್ನು ಬೇರೆ ಬೇರೆ ದಿನ ಮಾಡುತ್ತೇನೆ, ತಳಿಗೊಂದು ಬಣ್ಣದ ದಾರದಲ್ಲಿ ಚೀಲದ ಬಾಯಿ ಹೊಲಿಸುತ್ತೇನೆ. ಬೆಂಬಲ ಬೆಲೆ 2,425 ರೂಪಾಯಿ ಇದ್ದ ಹಂಗಾಮಿನಲ್ಲಿ ಡುರಂ ಮೂರು ಸಾವಿರದ ಹತ್ತಿರ ಹೋಯಿತು. ಖಪ್ಲಿಯನ್ನು ಸಿಪ್ಪೆ ಸಹಿತ ಪೇಟೆಗೆ ಒಯ್ಯಲೇ ಇಲ್ಲ. ಸಿಪ್ಪೆ ಬಿಡಿಸಿದರೆ ಮೂರರಲ್ಲಿ ಒಂದು ಪಾಲಿನಷ್ಟು ತೂಕ ಇಳಿಯುತ್ತದೆ, ಮಿಲ್ಲಿನ ಕೂಲಿ ಬೇರೆ. ಆದರೂ ಸಕ್ಕರೆ ಕಾಯಿಲೆಯವರ ಮನೆಗಳಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟು ಒಂದೂವರೆ ಎಕರೆಯಿಂದ ಖರ್ಚು ಕಳೆದು ನಲವತ್ತು ಸಾವಿರಕ್ಕೂ ಮಿಕ್ಕಿ ಉಳಿಯಿತು. ಇಷ್ಟು ಹಣವನ್ನು ಆ ತುಂಡು ಹೊಲ ಹಿಂದೆಂದೂ ಕೊಟ್ಟಿರಲಿಲ್ಲ.

ದಿಬ್ಬದ ಮೇಲಿನ ಎರಡು ಎಕರೆಯ ವಿಷಯ ಉಳಿಯಿತು. ಮೊಳದಾಳಕ್ಕೇ ಗರಸು ಹತ್ತುತ್ತದೆ. ಮೂರು ತಳಿ ಹಾಕಿ ನೋಡಿದೆ, ಒಂದೂ ಗೇಣು ದಾಟಿ ಬೆಳೆಯಲಿಲ್ಲ. ಸರಳು ಅಲ್ಲಿ ಒಂದು ಸಲವೂ ಎರಡು ಮೊಳ ಇಳಿದಿಲ್ಲ. ಬರುವ ಹಿಂಗಾರಿಗೆ ಅಲ್ಲಿ ಕಡಲೆಯೇ.